ಮೂರು ಕಾಗದ, ಒಂದು ಚಪ್ಪಲಿ

ನಮ್ಮ ಕಡೆಯ ಮನುಷ್ಯನನ್ನು ಹೇಗಿದ್ದೀರಿ ಎಂದು ಕೇಳಿ ನೋಡಿ. 'ಆರಾಮ ಅದೀನ್ರಿ' ಎನ್ನುತ್ತಾನೆ. ಮೈಯಲ್ಲಿ ಜ್ವರವಿರಲಿ, ಆಗಷ್ಟೇ ಹಲ್ಲು ಕೀಳಿಸಿಕೊಂಡು ಬಂದಿರಲಿ, ಮೊದಲು ಆರಾಮ, ಉಳಿದದ್ದು ಆಮೇಲೆ. ಆ ಉಳಿದದ್ದು ಹೊರಗೆ ಬರಬೇಕಾದರೆ ನೀವು ಕಟ್ಟೆಯ ಮೇಲೆ ಕೂಡಬೇಕು, ಚಹಾ ಕುಡಿಯಬೇಕು, ಅವರ ಎಮ್ಮೆ ಈಯಿತೋ ಇಲ್ಲವೋ ಕೇಳಬೇಕು. ಇಷ್ಟಾದ ಮೇಲೂ ಕೆಲವರು ಬಾಯಿ ಬಿಡುವುದಿಲ್ಲ. ಈ ಒಂದು ಶಬ್ದದ ಜೊತೆ ನಾನು ಹನ್ನೊಂದು ವರ್ಷ ಗುದ್ದಾಡಿದ್ದೇನೆ. ಅದೇ ನನ್ನ ನೌಕರಿಯಾಗಿತ್ತು. ಈಗಲೂ ಯಾರಾದರೂ ದಾರಿಯಲ್ಲಿ ಸಿಕ್ಕು 'ಆರಾಮ?' ಎಂದರೆ ಸಿಟ್ಟು ನೆತ್ತಿಗೇರುತ್ತದೆ. ಏರಿದರೂ ನಾನೂ 'ಆರಾಮ' ಎಂದೇ ಅನ್ನುತ್ತೇನೆ.

ಗದಗಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ರೋಗಿಗಳ ಕಾಗದಪತ್ರ ಜೋಡಿಸಿಡುವ ಕೆಲಸಕ್ಕಿದ್ದೆ. ಜಿಲ್ಲೆ ಧಾರವಾಡದಿಂದ ಬೇರೆಯಾಗಿ ಕೆಲವು ವರ್ಷವಾಗಿತ್ತು. ಹೊಸ ಜಿಲ್ಲೆ ಬಂತು, ಹೊಸ ಬೋರ್ಡು ಬಂದವು, ಬಸ್ಸು ಮಾತ್ರ ಅವೇ ಹಳೆಯವು. ಆ ಹೊತ್ತಿನಲ್ಲಿ ಹುಬ್ಬಳ್ಳಿಯಿಂದ ವಾರಕ್ಕೆರಡು ದಿನ ಬರುವ ಒಬ್ಬ ಡಾಕ್ಟರರು ನಮ್ಮಲ್ಲಿ ಟೊಂಕದ ದುರ್ಬೀನ್ ಆಪರೇಶನ್ ಶುರು ಮಾಡಿದರು. ಬೆನ್ನನ್ನು ಉದ್ದಕ್ಕೆ ಸೀಳುವುದಿಲ್ಲ. ಟೊಂಕದಲ್ಲಿ ಬೆರಳು ಹೋಗುವಷ್ಟು ತೂತು, ಅದರೊಳಗೊಂದು ಸಣ್ಣ ನಳಿಗೆ. ಎಲುಬಿನ ನಡುವಿನ ಗಾದಿ ಜಾರಿ ನರವನ್ನು ಒತ್ತುತ್ತಿದ್ದರೆ ಆ ಚೂರನ್ನಷ್ಟು ಕಿತ್ತು ತೆಗೆಯುವುದು. ಮೂರನೇ ದಿನ ರೋಗಿ ತಾನೇ ನಡೆದು ಮನೆಗೆ ಹೋಗುತ್ತಿದ್ದ. ಜನ ಇದನ್ನೊಂದು ಪವಾಡದ ಹಾಗೆ ಹೇಳಿಕೊಂಡು ತಿರುಗಾಡಿದರು.

ಡಾಕ್ಟರರಿಗೆ ಮಾತ್ರ ಸಮಾಧಾನವಿರಲಿಲ್ಲ. ಒಂದು ದಿನ ನನ್ನನ್ನು ಕರೆದು ಹೇಳಿದರು: "ಸ್ಕ್ಯಾನಿಂಗ್ ಫೋಟೋದಾಗ ಎಲ್ಲಾ ಚಂದ ಕಾಣತೈತಿ. ಆದ್ರ ಹೊಲಿಗಿ ಬಿಚ್ಚಿದ ಮ್ಯಾಲ ಈ ಮಂದಿ ಎಲ್ಲಿ ಹೋಗ್ತಾರ, ಹೆಂಗ ಬಾಳ್ವಿ ಮಾಡ್ತಾರ, ನನಗೇನ ಗೊತ್ತು? ಅವರ ಬಾಯಿಂದನ ಕೇಳಬೇಕು. ನೀವು ಹೋಗ್ರಿ."

ಹಾಗೆ ನನ್ನ ಹೆಗಲಿಗೆ ಒಂದು ಚೀಲ ಬಂತು, ಚೀಲದೊಳಗೆ ಮೂರು ಬಗೆಯ ಕಾಗದ. ಮೊದಲನೆಯದರಲ್ಲಿ ಸೊನ್ನೆಯಿಂದ ಹತ್ತರವರೆಗೆ ಅಂಕಿ ಹಾಕಿದ ಎರಡು ಗೀಟು, ಒಂದು ಟೊಂಕದ ನೋವಿಗೆ, ಇನ್ನೊಂದು ಕಾಲಿನ ನೋವಿಗೆ. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಡೆಯಲಾರದ್ದು. ಎರಡನೆಯದರಲ್ಲಿ ದಿನದ ಬದುಕಿನ ಹತ್ತು ಪ್ರಶ್ನೆ: ಎಷ್ಟು ಹೊತ್ತು ಕೂಡುತ್ತೀರಿ, ಎಷ್ಟು ದೂರ ನಡೆಯುತ್ತೀರಿ, ಭಾರ ಎತ್ತುತ್ತೀರಾ, ನಿದ್ದೆ ಹತ್ತುತ್ತದೆಯೇ, ಇಂಥವು. ಮೂರನೆಯದು ಸಮಾಧಾನದ್ದು. ಆದದ್ದು ಸಾಕೆನಿಸಿತೇ, ಬೇರೆಯವರಿಗೂ ಇದನ್ನೇ ಮಾಡಿಸಿಕೊಳ್ಳಿ ಎನ್ನುತ್ತೀರಾ? ಆಪರೇಶನ್ ಆಗಿ ಆರು ವಾರಕ್ಕೆ ಒಂದು ಸಲ, ಮೂರು ತಿಂಗಳಿಗೆ ಒಂದು ಸಲ, ವರ್ಷ ತುಂಬಿದಾಗ ಒಂದು ಸಲ ಪ್ರತಿಯೊಬ್ಬರಿಂದಲೂ ಮೂರನ್ನೂ ತುಂಬಿಸಿಕೊಂಡು ಬರಬೇಕು. ಆಮೇಲೆ ಮೂರನ್ನೂ ಒಂದರ ಪಕ್ಕ ಒಂದು ಇಟ್ಟು, ಯಾವ ಕಾಗದ ನಮ್ಮ ಜನರ ಖರೆ ಮಾತು ಆಡುತ್ತದೆ ಎಂದು ನೋಡಬೇಕು. ಡಾಕ್ಟರರ ಆಸೆ ಅಷ್ಟೇ. ಕೇಳಲಿಕ್ಕೆ ಹಗುರ ಕೆಲಸ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಮತ್ತೆ ಗದಗ. ಬಸ್ಸಿನ ಕೊನೆಯ ಸೀಟಿನಲ್ಲಿ ಕುಲುಕಿಸಿಕೊಂಡು ಕುಲುಕಿಸಿಕೊಂಡು, ಬೇರೆಯವರ ಟೊಂಕದ ಸುದ್ದಿ ಬರೆಯಲು ಹೋಗಿ ನನ್ನ ಟೊಂಕ ಹಿಡಿದುಕೊಂಡಿತು. ಯಾರು ಕೇಳಬೇಕು?

ಆ ಎರಡನೆಯ ಕಾಗದವನ್ನು ಕನ್ನಡಕ್ಕೆ ತಂದ ಮಹಾನುಭಾವ ಯಾರೋ, ನನ್ನ ಕೈಗೆ ಸಿಕ್ಕಿಲ್ಲ, ಅವನ ಪುಣ್ಯ. 'ಕುರ್ಚಿಯಲ್ಲಿ ಎಷ್ಟು ಕಾಲ ಆಸೀನರಾಗಬಲ್ಲಿರಿ?' ಎಂದಿತ್ತು. ಕುರ್ಚಿಯೇ ಇಲ್ಲದ ಮನೆಯಲ್ಲಿ ಅದನ್ನು ಕೇಳಿದರೆ, "ಬಾಜೂ ಮನಿಯಿಂದ ತರಸ್ತೀನ್ರಿ, ನೀವು ಕುಂಡ್ರಿ" ಎಂದು ನನಗಾಗಿ ಕುರ್ಚಿ ತರಲು ಓಡುತ್ತಿದ್ದರು. ಎಂಟನೆಯ ಪ್ರಶ್ನೆ ಗಂಡಹೆಂಡಿರ ಹಾಸಿಗೆಯದು. ಶಿರಹಟ್ಟಿಯಲ್ಲಿ ಅತ್ತೆಯ ಎದುರು ಸೊಸೆಯನ್ನು ಅದನ್ನು ಕೇಳಿದರೆ ನಾನು ಜೀವಸಹಿತ ಗದಗಿಗೆ ಮರಳುತ್ತಿದ್ದೆನೇ? ಹನ್ನೊಂದು ವರ್ಷದಲ್ಲಿ ಎಂಟನ್ನು ಯಾರನ್ನೂ ಕೇಳಲಿಲ್ಲ, ಖಾಲಿ ಬಿಡುತ್ತಿದ್ದೆ. ಡಾಕ್ಟರರೂ ಯಾಕೆ ಎಂದು ಕೇಳಲಿಲ್ಲ.

ಡಂಬಳದ ಒಬ್ಬ ಮುದುಕರು ನನಗೆ ಮೊದಲ ಪಾಠ ಕಲಿಸಿದರು. ಕೆರೆಯ ಕಡೆಯಿಂದ ಎರಡು ಕೊಡ ನೀರು ಹೊತ್ತು ಬಿರಬಿರ ಬಂದವರು, ಅಂಕಿಯ ಕಾಗದ ಕೊಟ್ಟರೆ ಬೆರಳನ್ನು ನೇರವಾಗಿ ಹತ್ತರ ಮೇಲೆ ಇಟ್ಟರು. ಎರಡು ಗೀಟಿಗೂ ಹತ್ತು. ನಾನು ಗಾಬರಿಯಾಗಿ, "ಅಜ್ಜಾ, ಇಷ್ಟ ನೋವು ಇಟಗೊಂಡು ಕೊಡಾ ಹೊತ್ತೀರೇನ್ರಿ?" ಎಂದೆ.

"ನೋವೆಲ್ಲೈತೋ ತಮ್ಮಾ! ಆ ಪುಣ್ಯಾತ್ಮ ನನ್ನ ಎಬ್ಬಿಸಿ ನಿಲ್ಲಿಸ್ಯಾನ. ಅವಗ ಹತ್ತಕ್ಕ ಹತ್ತು ಕೊಡಬೇಕಪಾ. ಕಮ್ಮಿ ಕೊಟ್ರ ದೇವರು ಮೆಚ್ಚತಾನೇನು?"

ಅವರು ಡಾಕ್ಟರರಿಗೆ ಮಾರ್ಕು ಹಾಕುತ್ತಿದ್ದರು. ಎಷ್ಟು ತಿಳಿಹೇಳಿದರೂ ಬೆರಳು ಸೊನ್ನೆಗೆ ಇಳಿಯಲೊಲ್ಲದು. ಉಪಕಾರ ಮಾಡಿದವನಿಗೆ ಸೊನ್ನೆ ಕೊಡುವುದು ಅವರಿಂದ ಆಗದ ಮಾತು.

ಎರಡನೆಯ ಪಾಠ ಲಕ್ಷ್ಮೇಶ್ವರದಲ್ಲಿ ಆಯಿತು. ಬಳೆ ವ್ಯಾಪಾರದ ಮುಸಲ್ಮಾನರ ಮನೆ, ಐವತ್ತು ದಾಟಿದ ಹೆಣ್ಣುಮಗಳು. ಅಂಕಿ ಎರಡೂ ಸೊನ್ನೆ. ನಡಿಗೆ, ನಿದ್ದೆ, ಕೂಡುವುದು, ಎಲ್ಲಾ ಬರೋಬ್ಬರಿ. ಸಮಾಧಾನವೂ ಪೂರ್ತಿ. ಇಂಥ ರೋಗಿ ಸಿಕ್ಕರೆ ನನಗೆ ಹಬ್ಬ, ಒಂದು ಬಸ್ಸು ಮೊದಲೇ ಸಿಗುತ್ತದೆ. ಎದ್ದು ಚಪ್ಪಲಿ ಮೆಟ್ಟುವಾಗ ಮೂಲೆಯಲ್ಲಿ ಹಾಸಿದ ನಮಾಜಿನ ಚಾಪೆ ಕಂಡಿತು. ಅದರ ಮೇಲೊಂದು ಪ್ಲಾಸ್ಟಿಕ್ ಕುರ್ಚಿ. ಸುಮ್ಮನೆ ಬಾಯಿಗೆ ಬಂದದ್ದನ್ನು ಕೇಳಿದೆ: "ಇದು ಯಾರದ್ರಿ ಕುರ್ಚಿ?"

ಆಕೆಯ ಕಣ್ಣು ತುಂಬಿ ಬಂತು. "ನಂದರೀ. ಮೂರು ತಿಂಗಳಾತು, ಹಣಿ ನೆಲಕ್ಕ ಹಚ್ಚಿಲ್ಲ. ಬಗ್ಗಾಕ ಬರವಲ್ದು. ಕುರ್ಚಿ ಮ್ಯಾಲ ಕುಂತ ಮಾಡತೀನಿ. ನಿಮ್ಮ ಕಾಗದದಾಗ ಇದನ್ನ ಕೇಳಲಿಲ್ಲಲ್ರೀ?"

ಕೇಳಿರಲಿಲ್ಲ, ನಿಜ. ಮೂರು ಕಾಗದದ ಯಾವ ಮೂಲೆಯಲ್ಲೂ ಹಣೆಯನ್ನು ನೆಲಕ್ಕೆ ಹಚ್ಚುವ ಪ್ರಶ್ನೆ ಇರಲಿಲ್ಲ. ಗದಗಿಗೆ ಬಂದು ಡಾಕ್ಟರರಿಗೆ ಹೇಳಿದೆ. ಅವರು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ: "ಮೂರು ಕಾಗದ ಒಂದಕ್ಕೊಂದು ಜಗಳಾಡಿದ್ರ ಚಲೋ, ಅಲ್ಲೆ ಏನೋ ಐತಿ ಅಂತ ಗೊತ್ತಾಗತೈತಿ. ಮೂರೂ ಒಂದಾಗಿ ಆರಾಮ ಅಂದ್ವಂದ್ರ ಹೆದರಬೇಕು. ಸೊನ್ನಿ ಬರಿಯೂಕಿಂತ ಮೊದಲ ಇನ್ನೊಂದು ಮಾತು ಕೇಳ್ರಿ. ಕಾಗದದಾಗ ಇಲ್ಲದ್ದು."

ಅಂದಿನಿಂದ ಅದು ನನ್ನ ನೇಮವಾಯಿತು. ರೊಟ್ಟಿ ಬಡಿಯಲು ನೆಲಕ್ಕೆ ಕೂಡುತ್ತೀರಾ? ಮೊಮ್ಮಗಳನ್ನು ಎತ್ತಿಕೊಂಡಿರಾ? ಹೀಗೆ ಒಂದು ಹೆಚ್ಚಿನ ಮಾತು ಕೇಳದೆ ಯಾರಿಗೂ ಸೊನ್ನೆ ಬರೆಯುತ್ತಿರಲಿಲ್ಲ. ಹೊಸದಾಗಿ ಬಂದ ನರ್ಸುಗಳಿಗೆ ಇದನ್ನೇ ದೊಡ್ಡ ಪಂಡಿತನ ಹಾಗೆ ಪಾಠ ಮಾಡುತ್ತಿದ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ನನ್ನದು ಅದೇ ಜಾತಿ.

ಈಗ ಅಕ್ಕನ ಮಾತು ಹೇಳಬೇಕು. ಹೇಳಲಿಕ್ಕೆಂದೇ ಇಷ್ಟು ಸುತ್ತಿದೆ.

ನಮ್ಮದು ಬೆಟಗೇರಿಯ ನೇಕಾರರ ಮನೆ. ಅಪ್ಪ ಹೋದಾಗ ನಾನು ಇನ್ನೂ ಶಾಲೆಯಲ್ಲಿದ್ದೆ. ಗಂಡ ತೀರಿಹೋಗಿ ಅದಾಗಲೇ ತವರಿಗೆ ಬಂದಿದ್ದ ಅಕ್ಕ, ಅಪ್ಪ ಕೂಡುತ್ತಿದ್ದ ಕುಣಿಮಗ್ಗಕ್ಕೆ ಇಳಿದಳು. ನೆಲದಲ್ಲಿ ತೊಡೆ ಮುಚ್ಚುವಷ್ಟು ಕುಣಿ. ಅಂಚಿನಲ್ಲಿ ಕೂತು ಕಾಲು ಒಳಗೆ ಇಳಿಬಿಟ್ಟರೆ ತಳದಲ್ಲಿ ಎರಡು ಕಾಲುಮಣೆ. ಎಡಗಾಲಿನದು ಒಮ್ಮೆ, ಬಲಗಾಲಿನದು ಒಮ್ಮೆ ತುಳಿದ ಹಾಗೆ ಉದ್ದಕ್ಕೆ ಹೂಡಿದ ಹಾಸಿನ ಎಳೆ ಬಾಯಿ ತೆರೆಯುತ್ತದೆ, ಆ ಬಾಯಿಯಲ್ಲಿ ಲಾಳಿ ಓಡುತ್ತದೆ. ಕಾಲುಮಣೆ ಕಣ್ಣಿಗೆ ಕಾಣುವುದಿಲ್ಲ, ಕತ್ತಲೆಯಲ್ಲಿರುತ್ತದೆ. ಬರಿಗಾಲಿಗೇ ಅದರ ಗುರುತು. ಮೂವತ್ತು ವರ್ಷ ಅಕ್ಕ ಹಾಗೆ ಕೂತಳು. ನಾನು ಓದಿದ್ದು, ನೌಕರಿ ಹಿಡಿದದ್ದು, ರೈಲ್ವೆ ಸ್ಟೇಷನ್ನಿನ ಈಚೆ ಗದಗಿನಲ್ಲಿ ಸಂಸಾರ ಹೂಡಿದ್ದು, ಎಲ್ಲಾ ಆ ಕುಣಿಯಿಂದ ಎದ್ದು ಬಂದದ್ದು.

ಆ ಕುಣಿಯೇ ಅವಳ ಟೊಂಕ ತಿಂದಿತು. ನೋವು ಟೊಂಕದಿಂದ ಬಲಗಾಲಿಗೆ ಇಳಿದು, ಕೊನೆಕೊನೆಗೆ ರಾತ್ರಿ ಮಗ್ಗುಲು ಬದಲಿಸಲಿಕ್ಕೂ ಆಗದಂತಾಯಿತು. ದುರ್ಬೀನ್ ಆಪರೇಶನ್ ಮಾಡಿಸು ಎಂದು ಬೆನ್ನು ಹತ್ತಿದವನು ನಾನೇ. ಅವಳು ಒಂದೇ ಮಾತು ಕೇಳಿದಳು.

"ಮತ್ತ ಮಗ್ಗಕ್ಕ ಕುಂಡ್ರತೀನೇನು? ಅದನ್ನ ಹೇಳು. ಕುಂಡ್ರೂದಿಲ್ಲಂದ್ರ ಈ ನೋವು ಇರಲಿ, ನನಗೇನೂ ಹೊಸಾದಲ್ಲ."

ಡಾಕ್ಟರರನ್ನು ಕೇಳಿದೆ. "ಮೂರು ತಿಂಗಳ ಕಾಗದ ಚಲೋ ಬರಲಿ, ಆಮ್ಯಾಲ ಕುಂಡ್ರಲಿ" ಎಂದರು. ಅದೇ ಮಾತನ್ನು ಅಕ್ಕನಿಗೆ ಮುಟ್ಟಿಸಿದೆ. ಮಗ್ಗದ ಮೇಲೆ ಆಗ ಅರ್ಧ ನೇಯ್ದ ಸೀರೆ ಇತ್ತು. ಹಾಸನ್ನು ನಡುವೆ ಕತ್ತರಿಸುವ ರೂಢಿ ನಮ್ಮಲ್ಲಿಲ್ಲ. ಒಂದು ಹಳೆಯ ಧೋತರ ಹೊದಿಸಿ, "ಮೂರು ತಿಂಗಳಿಗೆ ಬರತೀನಿ, ಕುಂತಿರು" ಎಂದು ಮಗ್ಗಕ್ಕೇ ಹೇಳಿ ಆಸ್ಪತ್ರೆಗೆ ಬಂದಳು.

ಆಪರೇಶನ್ ಒಳ್ಳೆಯದೇ ಆಯಿತು. ಆರು ವಾರದ ಕಾಗದವನ್ನು ಅಕ್ಕ ಸರಿಯಾಗಿಯೇ ತುಂಬಿಸಿದಳು. ಕಾಲಿನ ನೋವು ಎಂಟರಿಂದ ಮೂರಕ್ಕೆ ಇಳಿದಿತ್ತು. ನಾನು ಮನೆಯಲ್ಲಿ ಹೆಂಡತಿಯ ಮುಂದೆ ಮೀಸೆ ತಿರುವಿದೆ.

ಮೂರು ತಿಂಗಳ ಕಾಗದದ ದಿನ ನಾನು ಮುಂಡರಗಿಯಿಂದ ಬಂದಿದ್ದೆ. ಬೆಳಗಿನಿಂದ ಏಳು ಮನೆ. ಏಳು ಮನೆಯಲ್ಲೂ ಚಹಾ, ಏಳು ಮನೆಯಲ್ಲೂ ಆರಾಮ. ಒಬ್ಬ ಮನುಷ್ಯನಂತೂ ತನ್ನದರ ಬದಲು ತನ್ನ ಅಣ್ಣನ ನೋವು ಬರೆಸುತ್ತಿದ್ದ. ತಲೆ ಧಿಮಿಗುಡುತ್ತಿತ್ತು. ಬೆಟಗೇರಿಯಲ್ಲಿ ಇಳಿದು ಅಕ್ಕನ ಮನೆಗೆ ಹೋದರೆ ಅಲ್ಲಿ ನಗೆಯೋ ನಗೆ. ಬಾಜೂ ಮನೆಯ ಹೆಂಗಸು ಹೊಸ್ತಿಲಲ್ಲಿ ಕೂತು ಹೊಟ್ಟೆ ಹಿಡಿದುಕೊಂಡಿದ್ದಳು.

"ಬಾ ತಮ್ಮಾ, ನಿಮ್ಮಕ್ಕನ ಪೀಡಾ ಕಳೀತು! ಬಣ್ಣದ ನೂಲು ತರಾಕ ಹೋಗಿ ಒಂದ ಕಾಲಾಗ ಚಪ್ಪಲಿ ಇಟಗೊಂಡ ಬಂದಾಳ ನೋಡು. ಇನ್ನೊಂದು ದಾರ್ಯಾಗ ಹೋಗೇತಿ. ಗೊತ್ತ ಆಗಿಲ್ಲ ಈಕಿಗೆ!"

ನಮ್ಮಲ್ಲಿ ಚಪ್ಪಲಿ ಕಳೆದರೆ ಯಾರೂ ಹುಡುಕುವುದಿಲ್ಲ. ಚಪ್ಪಲಿ ಹೋದರೆ ಶನಿ ಹೋಯಿತು, ಕಾಲಿಗೆ ಹತ್ತಿದ ಪೀಡೆ ಅದರ ಜೊತೆಗೇ ಹೋಯಿತು ಎಂದು ಲೆಕ್ಕ. ಅವತ್ತು ಶನಿವಾರ ಬೇರೆ, ಕೇಳಬೇಕೇ! ಉಳಿದ ಎಡಗಾಲಿನದನ್ನೂ ಅಕ್ಕ ಮೂರು ದಾರಿ ಕೂಡುವಲ್ಲಿ ಎಸೆದು ಬಂದು ಕಾಲು ತೊಳೆದುಕೊಂಡಿದ್ದಳು.

"ಖರೇನ ಹಗುರ ಆಗೇತೋ. ನೋವು ಅನ್ನೂದು ಎಲ್ಲೋ ಹೋಗಿಬಿಟ್ಟೈತಿ. ಬರಕೋ ನಿನ್ನ ಕಾಗದದಾಗ, ಸೊನ್ನಿ" ಎಂದಳು ಅಕ್ಕ.

ನಾನೂ ನಕ್ಕೆ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೆ ನಕ್ಕದ್ದು ಹೌದು. ಅವಳು ರೊಟ್ಟಿ ಹಾಕಿಕೊಟ್ಟಳು, ಪುಂಡಿಪಲ್ಯ ಹಾಕಿದಳು. ಉಣ್ಣುತ್ತಲೇ ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡು ಎಡಗೈಯಿಂದಲೇ ಅಂಕಿಯ ಗೀಟೆರಡಕ್ಕೂ ಸೊನ್ನೆ ಬರೆದೆ. ಎರಡನೆಯ ಕಾಗದದ ಹತ್ತು ಪ್ರಶ್ನೆಯಲ್ಲಿ ಒಂದನ್ನೂ ಬಾಯಿ ಬಿಟ್ಟು ಕೇಳಲಿಲ್ಲ. ಇವಳು ನನ್ನ ಅಕ್ಕ, ನನಗೆ ಗೊತ್ತಿಲ್ಲವೇ? ನಡೆದಾಡುತ್ತಿದ್ದಾಳೆ, ಕೂತಿದ್ದಾಳೆ, ನಗುತ್ತಿದ್ದಾಳೆ. ಟಿಕ್, ಟಿಕ್, ಟಿಕ್. ಸಮಾಧಾನ ಪೂರ್ತಿ. ಆ ಹೆಚ್ಚಿನ ಒಂದು ಮಾತು, ನರ್ಸುಗಳಿಗೆಲ್ಲ ಪಾಠ ಮಾಡಿದ್ದು, ನೆನಪಿಗೇ ಬರಲಿಲ್ಲ. ಬಂದಿದ್ದರೂ ಅವತ್ತು ಕೇಳುತ್ತಿದ್ದೆನೋ ಇಲ್ಲವೋ. ನನಗೂ ಆ ಕಾಗದ ಚಲೋ ಬರಬೇಕಾಗಿತ್ತು.

"ಹಂಗಾದ್ರ ನಾಳಿಂದ ಕುಂಡ್ರಲೇನು?" ಅಕ್ಕ ಕೇಳಿದಳು.

"ಕುಂಡ್ರವಾ, ನಿಂದ ರಾಜ್ಯ" ಎಂದೆ.

ಮರುದಿನವೇ ಧೋತರ ತೆಗೆದು ಕುಣಿಗೆ ಇಳಿದಳು. ನಾನು ಹೊಸ ಚಪ್ಪಲಿ ತಂದುಕೊಟ್ಟೆ. ಒಂದು ವಾರಕ್ಕೆ ತಕರಾರು: "ಏ, ಬಲಗಾಲಿಂದು ಸಡ್ಲ ಐತೋ. ಅಂಗಡ್ಯಾವ ನಿನಗ ಜೋಡಿ ತಪ್ಪಿಸಿ ಕೊಟ್ಟಾನ." ನಾನು ಎರಡನ್ನೂ ತಳ ತಿರುವಿ ತೋರಿಸಿ, "ಎರಡೂ ಒಂದ ಅಳತಿ ಅದಾವಲ್ಲವಾ, ನಿನಗ ಕಣ್ಣ ಕಾಣವಲ್ವು" ಎಂದು ಛೇಡಿಸಿದೆ. ಅಕ್ಕ ಬಲಗಾಲಿನದಕ್ಕೆ ಒಂದು ಚಿಂದಿ ತುರುಕಿಕೊಂಡಳು. ಆತು, ಮುಗಿಯಿತು.

ಅದಾಗಿ ಎರಡು ವಾರಕ್ಕೆ ಹರ್ತಿಗೆ ಹೋದೆ. ಅಲ್ಲಿ ನಮ್ಮ ರೋಗಿಯೊಬ್ಬ, ಹಿಟ್ಟಿನ ಗಿರಣಿ ಇಟ್ಟವನು, ಊರಿಗೆಲ್ಲ ಹೆಸರಾದ ಜಗಳಗಂಟ. ಹತ್ತರ ಗೀಟಿನಾಚೆ ತಾನೇ ಪೆನ್ಸಿಲ್ಲಿನಿಂದ ಎಳೆದು ಹನ್ನೊಂದು ಬರೆಯುವ ಆಸಾಮಿ. ಅವನ ಮನೆಯನ್ನು ನಾನು ಯಾವಾಗಲೂ ಕೊನೆಗೆ ಇಟ್ಟುಕೊಳ್ಳುತ್ತಿದ್ದೆ. ಅವತ್ತು ಆತ ನೋವಿನ ಅಂಕಿ 'ಒಂದು' ಎಂದ. ನಾನು ನಂಬಲಿಲ್ಲ.

"ನೋವು ಕಮ್ಮಿ ಆಗೇತಿ, ಸುಳ್ಳ ಯಾಕ ಹೇಳ್ಲಿ. ಆದ್ರ ನಿಮ್ಮ ಡಾಕ್ಟರ್ ನನ್ನ ಕಾಲ ಕೆಡಿಸ್ಯಾನ. ಚಪ್ಪಲಿ ನಿಲ್ಲವಲ್ದು! ಹಿಂದ ತಿರುಗಿ ನೋಡಿದ್ರ ಚಪ್ಪಲಿ ಅಲ್ಲೆ ಬಿದ್ದಿರತೈತಿ, ನಾ ಇಲ್ಲೆ. ಬಿದ್ದದ್ದು ಗೊತ್ತ ಆಗೂದಿಲ್ಲ. ನಾಲ್ಕು ದಿನ ಆತು. ನಡೀರಿ, ಈಗ ನಡೀರಿ, ಅವನ್ನ ಕೇಳಬೇಕು ನಾನು!"

ಅವನ ಬಾಯಿಗೆ ಹೆದರಿಯೇ ಅದೇ ಬಸ್ಸಿಗೆ ಹತ್ತಿಸಿಕೊಂಡು ಬಂದೆ. ಡಾಕ್ಟರರ ದಿನವಾಗಿತ್ತು. ಅವರು ಅವನ ಬೈಗುಳ ಕೇಳಿಸಿಕೊಳ್ಳುತ್ತಲೇ, ಹಿಮ್ಮಡಿ ನೆಲಕ್ಕೆ ಊರಿ ಬೆರಳು ಮೇಲೆತ್ತು ಎಂದರು. ಒಂದು ಪಾದದ ಬೆರಳು ಎದ್ದವು, ಇನ್ನೊಂದರವು ಅರ್ಧಕ್ಕೆ ನಿಂತವು. ಡಾಕ್ಟರರ ಮುಖ ಬದಲಾಯಿತು. ನಾಳೆ ಬೆಳಿಗ್ಗೆಯೇ ಮತ್ತೆ ಆಪರೇಶನ್ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಚಲೋ ಕೆಲಸ ಮಾಡಿದ್ರಿ, ಜಲ್ದಿ ತಂದ್ರಿ" ಎಂದರು. "ಗಾದಿ ಮತ್ತ ಜಾರೇತಿ. ನೋವು ಕಮ್ಮಿ ಆಗಿ ಚಪ್ಪಲಿ ಬೀಳಾಕ ಹತ್ತಿದ್ರ ಅದು ಆರಾಮಲ್ಲ. ನರ ಸಾಯಾಕ ಹತ್ತೇತಿ ಅಂತ. ಸತ್ತ ನರಕ್ಕ ನೋವು ಎಲ್ಲಿಂದ ಬರಬೇಕು? ತಡಾ ಆದ್ರ ಪಾದ ತಿರುಗಿ ಏಳೂದಿಲ್ಲ."

ನಾನು ಹೂಂ ಎಂದೆ. ಅಷ್ಟರಲ್ಲೇ ಕಿವಿಯಲ್ಲಿ ಬಾಜೂ ಮನೆಯವಳ ನಗೆ ಕೇಳಿಸಿತು. ಒಂದು ಕಾಲಿನ ಚಪ್ಪಲಿ. ಗೊತ್ತೇ ಆಗಿಲ್ಲ ಈಕೆಗೆ. ಕಳ್ಳನಾದರೂ ಎರಡನ್ನೂ ಒಯ್ಯುತ್ತಾನಲ್ಲ! ಚೀಲ ಅಲ್ಲೇ ಬಿಟ್ಟು ರಸ್ತೆಗೆ ಓಡಿದೆ.

ಬೆಟಗೇರಿಯ ಓಣಿಯಲ್ಲಿ ನಮ್ಮ ಮಗ್ಗದ ಸಪ್ಪಳ ಹುಟ್ಟಿನಿಂದ ಕೇಳಿದವನು ನಾನು. ಅವತ್ತು ಅದು ತಪ್ಪಿ ತಪ್ಪಿ ಬಡಿಯುತ್ತಿತ್ತು. ಎರಡು ಬಡಿತ, ನಡುವೆ ತಡವರಿಕೆ, ಮತ್ತೆ ಒಂದು. ಒಳಗೆ ಹೋದರೆ ಅಕ್ಕ ಕುಣಿಯಲ್ಲಿದ್ದಳು, ಕೈಯಿಂದ ಬಲಮೊಣಕಾಲನ್ನು ಎತ್ತಿ ಎತ್ತಿ ಇಡುತ್ತಿದ್ದಳು.

"ಅಕ್ಕಾ, ಮ್ಯಾಲ ಬಾ. ಬೆರಳ ಎತ್ತಿ ತೋರಿಸು."

"ಏನಲೇ ಹುಚ್ಚಖೋಡಿ, ಉಂಡಿಯೇನು?"

"ಎತ್ತ ಅಂದ್ನಿ!"

ನನ್ನ ದನಿಗೆ ಬೆಚ್ಚಿ ಮೇಲೆ ಬಂದು ಗೋಡೆ ಹಿಡಿದು ನಿಂತಳು. ಎಡಪಾದದ ಬೆರಳು ಎದ್ದವು. ಬಲಪಾದ ನೆಲಕ್ಕೆ ಮೆತ್ತಿದ ಹಾಗೆ ಇತ್ತು. ಅಕ್ಕ ನಕ್ಕಳು. "ಜೋಮ ಹಿಡದೈತಿ. ಕುಣ್ಯಾಗ ಕುಂತೀನಲ್ಲ, ಬಿಡತೈತಿ." ನಾನು ಕೆಳಗೆ ಕೂತು ಆ ಪಾದ ಹಿಡಿದುಕೊಂಡು ಅತ್ತುಬಿಟ್ಟೆ. ಯಾಕೆ ಅಳುತ್ತೀ ಎಂದು ಅವಳು ನನ್ನ ತಲೆ ಸವರಿದಳು.

ಡಾಕ್ಟರರು ಅವತ್ತೇ ನೋಡಿದರು. ಎಂದಿನಿಂದ ಎಂದು ಕೇಳಿದರು. ಅಕ್ಕ, "ಈಗರೀ, ಎರಡು ದಿನ" ಎಂದಳು. ನಾನು, "ಮೂರು ವಾರದ ಮ್ಯಾಲ ಆತ್ರಿ" ಎಂದೆ. ಅವರು ಅವಳ ಫೈಲಿನಿಂದ ಮೂರು ತಿಂಗಳ ಕಾಗದ ತೆಗೆದರು. ಸೊನ್ನೆ, ಸೊನ್ನೆ, ಹತ್ತು ಟಿಕ್ಕು, ಪೂರ್ತಿ ಸಮಾಧಾನ. ಎಂಟನೆಯದಕ್ಕೂ ಟಿಕ್ಕು ಬಿದ್ದಿತ್ತು. ವಿಧವೆ ಅಕ್ಕನ ಕಾಗದದಲ್ಲಿ, ಜನ್ಮದಲ್ಲಿ ನಾನು ಯಾರನ್ನೂ ಕೇಳದ ಎಂಟನೆಯ ಪ್ರಶ್ನೆಗೆ! ಡಾಕ್ಟರರು ಅದರ ಮೇಲೆ ಬೆರಳಿಟ್ಟು ತೋರಿಸಿ, ಕಾಗದವನ್ನು ಮತ್ತೆ ಫೈಲಿಗೆ ಸೇರಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಇಬ್ಬರಿಗೂ ಮತ್ತೆ ಆಪರೇಶನ್ ಆಯಿತು. ಹರ್ತಿಯ ಜಗಳಗಂಟನ ಪಾದ ಎರಡು ತಿಂಗಳಿಗೆ ಪೂರ್ತಿ ಎದ್ದಿತು. ಅವನು ಈಗಲೂ ಸಿಕ್ಕಲ್ಲಿ ನಮ್ಮ ಆಸ್ಪತ್ರೆಯನ್ನು ಬೈಯುತ್ತಾನೆ, ನಾನು ಅವನಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಅಕ್ಕನ ಪಾದ ಏಳಲಿಲ್ಲ. ಹಿಂದೆ ಪಟ್ಟಿ ಇರುವ ಚಪ್ಪಲಿ ಹೊಲಿಸಿಕೊಟ್ಟೆ, ಕಾಲು ಎಳೆದುಕೊಂಡು ನಡೆಯುವುದನ್ನು ಕಲಿತಳು. ಆದರೆ ಕುಣಿಯ ಕತ್ತಲೆಯಲ್ಲಿ ಯಾವ ಕಾಲುಮಣೆಯ ಮೇಲೆ ಪಾದವಿದೆ ಎಂದು ಆ ಪಾದಕ್ಕೇ ತಿಳಿಯುತ್ತಿರಲಿಲ್ಲ. ಎರಡು ದಿನ ಕೂತು ನೋಡಿದಳು. ಎಳೆ ಹರಿದವು. ಮೂರನೆಯ ದಿನ ಧೋತರ ಹೊದಿಸಿದಳು. ಹಾಸು ಕತ್ತರಿಸಬಾರದೆಂದು ಬಾಜೂ ಮನೆಯವಳನ್ನು ಕರೆದು ಉಳಿದ ಸೀರೆಯನ್ನು ನೇಯಿಸಿದಳು, ತಾನು ಪಕ್ಕದಲ್ಲಿ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಟ್ಟಳು. ಸೀರೆಯ ನಡುವೆ ಮೂರು ಮೊಳದಷ್ಟು ಉದ್ದಕ್ಕೆ ನೇಯ್ಗೆ ಅಲ್ಲಲ್ಲಿ ಬಾಯಿ ಬಿಟ್ಟಿತ್ತು. ಅದು ನನ್ನ ಸೊನ್ನೆಯ ಮೇಲೆ ಅವಳು ಕೂತ ಆ ಮೂರು ವಾರ. ಅಂಗಡಿಗೆ ಕೊಡಲು ಬರುವುದಿಲ್ಲವೆಂದು ಆ ಸೀರೆಯನ್ನು ಅಕ್ಕ ತಾನೇ ಉಡಲು ಇಟ್ಟುಕೊಂಡಳು.

ವರ್ಷದ ಕಾಗದ ತುಂಬಿಸಲು ನಾನೇ ಹೋಗಬೇಕಾಯಿತು. ಬೇರೆಯವರನ್ನು ಕಳಿಸಿ ಎಂದು ಡಾಕ್ಟರರನ್ನು ಕೇಳಿಕೊಂಡಿದ್ದೆ, ಅವರು ಒಪ್ಪಲಿಲ್ಲ. ಅಕ್ಕ ಅದೇ ಸೀರೆ ಉಟ್ಟು ಕಂಡಿಕೆ ಸುತ್ತುತ್ತ ಕೂತಿದ್ದಳು. ಈ ಸಲ ಒಂದೊಂದನ್ನೂ ಬಾಯಿ ಬಿಟ್ಟು ಕೇಳಿದೆ. ನೋವು ಟೊಂಕಕ್ಕೆ ಸೊನ್ನೆ, ಕಾಲಿಗೆ ಸೊನ್ನೆ. ಅದು ಖರೆಯೇ, ಆ ಕಾಲಿಗೆ ನೋವು ಗೊತ್ತಾಗುವುದು ನಿಂತು ವರ್ಷವಾಗುತ್ತ ಬಂದಿತ್ತು. ನಡಿಗೆ, ಓಣಿಯ ತುದಿಯ ತನಕ. ಕೆಲಸ, ಮೊದಲಿನದು ಆಗುವುದಿಲ್ಲ. ಎಂಟನೆಯದು ಬಂದಾಗ ಕೇಳದೆ ಖಾಲಿ ಬಿಟ್ಟೆ. ಸಮಾಧಾನವೇ ಎಂದರೆ, "ಪೂರ್ತಿ ಅಂತ ಬರಿ, ಪಾಪ ಡಾಕ್ಟರದೇನು ತಪ್ಪು?" ಎಂದಳು. ಮೂರು ಕಾಗದ ಮೂರು ಮಾತು ಆಡಿದವು. ಅಂಕಿಯ ಕಾಗದವನ್ನಷ್ಟೇ ನೋಡಿದರೆ ಆ ವರ್ಷ ನಮ್ಮ ರೋಗಿಗಳಲ್ಲೆಲ್ಲ ಅತ್ಯಂತ ಚೆನ್ನಾಗಿ ಗುಣವಾದವಳು ನನ್ನ ಅಕ್ಕ.

ಕಾಗದ ಮಡಚಿದೆ. ತಿಂಗಳುಗಟ್ಟಲೆ ಹೇಳದೆ ಇಟ್ಟುಕೊಂಡದ್ದು ಅವತ್ತು ಹೊರಗೆ ಬಂತು.

"ಅಕ್ಕಾ, ಅವತ್ತಿನ ಕಾಗದಾ ನಾ ನಿನ್ನ ಕೇಳದ ಬರದಿದ್ನಿ. ರೊಟ್ಟಿ ತಿನ್ಕೋತ."

"ಗೊತ್ತೈತಿ ಬಿಡೋ. ನಾ ಎದುರಿಗೆ ಕುಂತಿದ್ನಲ್ಲ."

"ಕೇಳಿದ್ನಿ ಅಂದ್ರ ಹೇಳ್ತಿದ್ದೇನು, ಕಾಲ ಜೋಮ ಹಿಡದೈತಿ ಅಂತ?"

ಅಕ್ಕ ಕಂಡಿಕೆಯ ಎಳೆಯನ್ನು ಹಲ್ಲಿನಿಂದ ಕಡಿದಳು. "ಇಲ್ಲಪಾ. ಕೇಳಿದ್ರೂ ಆರಾಮ ಅಂತಿದ್ನಿ. ಮಗ್ಗಕ್ಕ ಕುಂಡ್ರಬೇಕಾಗಿತ್ತು ನನಗ. ನಿಂದೇನೂ ತಪ್ಪಿಲ್ಲ."

"ನನ್ನ ಮ್ಯಾಲ ಸಿಟ್ಟೈತೇನು? ಖರೆ ಹೇಳು. ಸೊನ್ನಿಯಿಂದ ಹತ್ತರೊಳಗ."

ಅಕ್ಕ ನಕ್ಕಳು, ಚಪ್ಪಲಿ ಕಳೆದ ದಿನ ನಕ್ಕ ಹಾಗೆಯೇ. "ಸೊನ್ನಿ ಬರಕೋ" ಎಂದಳು.

ಸೊನ್ನೆ ಬರೆಯುವ ಮೊದಲು ಇನ್ನೊಂದು ಮಾತು ಕೇಳಬೇಕು. ಆ ಮಾತು ನನ್ನ ನಾಲಿಗೆಯ ಮೇಲೇ ಇತ್ತು: ಮಗ್ಗಕ್ಕ ಬೆನ್ನ ಮಾಡಿ ಯಾಕ ಕುಂತೀ? ಅವಳ ಬೆನ್ನ ಹಿಂದೆ ಧೋತರ ಹೊದ್ದ ಮಗ್ಗ ಇತ್ತು, ಕುಣಿಯೊಳಗೆ ಕಸ ಬಿದ್ದಿತ್ತು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಎದ್ದೆ. ಕೇಳಲಿಲ್ಲ.